ಆ ಎಂಟು ಸುತ್ತು

“ನಾಲ್ಕು ಮೊದಲಾ, ಮೂರು ಮೊದಲಾ?”

ಇವರು ಕೇಳಿದ್ದು ಯಾರನ್ನೂ ಅಲ್ಲ. ಪಾಠದ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಬೇಸ್ ಗಿಟಾರ್, ಎದುರಿನ ಸ್ಟ್ಯಾಂಡಿನಲ್ಲಿ ಸಂಗೀತ ಕಾಲೇಜಿನ ಹೊಸ ಪಠ್ಯಪುಸ್ತಕ, ಮೂಗಿನ ತುದಿಯಲ್ಲಿ ಕನ್ನಡಕ. ಚಹಾ ತಂದ ನಾನು ಬಾಗಿಲಲ್ಲೇ ನಿಂತೆ. ಕೇಳಿಸಿತು, ಕೇಳಿಸದವಳ ಹಾಗೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದೆ. ಉತ್ತರ ನನಗೆ ಗೊತ್ತಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಗೊತ್ತಿತ್ತು. ಇವರಿಗೂ.

ನನ್ನ ಗಂಡ ಬೇಸ್ ನುಡಿಸುವವರು. ದಪ್ಪ ತಂತಿ ನಾಲ್ಕು, ತಗ್ಗಿನ ದನಿ. ಸಂಗೀತ ಕೇಳಿ ಮನೆಗೆ ಹೋಗುವವರು ಹಾಡಿದವಳನ್ನು ನೆನೆಸಿಕೊಳ್ಳುತ್ತಾರೆ, ಸ್ಯಾಕ್ಸೋಫೋನ್ ಊದಿದವನನ್ನು ನೆನೆಸಿಕೊಳ್ಳುತ್ತಾರೆ; ಬೇಸಿನವನನ್ನು ಅವನ ಹೆಂಡತಿ ಮಾತ್ರ. “ಬೇಸ್ ಇದ್ರೆ ಯಾರಿಗೂ ಗೊತ್ತಾಗಲ್ಲ, ಇಲ್ದೇ ಇದ್ರೆ ಎಲ್ಲರಿಗೂ ಬೇಸರ” ಅನ್ನುವುದು ಹೊಸದಾಗಿ ಕಲಿಯಲು ಬಂದ ಪ್ರತಿಯೊಬ್ಬರಿಗೂ ಇವರು ಮೊದಲ ದಿನ ಹೇಳುವ ಮಾತು. ಅವರು ನಗುವ ಹೊತ್ತಿಗೆ ಒಳಗಿನ ಕೋಣೆಯಲ್ಲಿ ನನ್ನ ತುಟಿಯೂ ಆ ಮಾತನ್ನು ಆಡಿ ಮುಗಿಸಿರುತ್ತದೆ.

ಹತ್ತೊಂಬತ್ತನೇ ವಯಸ್ಸಿಗೆ ಹೋಟೆಲೊಂದರ ಊಟದ ಹಾಲಿನಲ್ಲಿ, ಚಮಚಗಳ ಸದ್ದಿನ ನಡುವೆ ಜಾಝ್ ನುಡಿಸಲು ಶುರುಮಾಡಿದರು. ಆಮೇಲೆ ನಾಟಕ ಮಂದಿರದಲ್ಲಿ, ರಂಗದ ಕೆಳಗೆ ವಾದ್ಯದವರಿಗಾಗಿ ಬಿಟ್ಟ ತಗ್ಗಿನಲ್ಲಿ, ಆಳೆತ್ತರದ ಬೇಸನ್ನು ಅಪ್ಪಿಕೊಂಡು ನಿಂತರು. ಸೋಪು, ಕೊಡೆ, ಗೋಡೆಯ ಬಣ್ಣ, ಹಲ್ಲುಪುಡಿ, ಇವರು ಯಾವುದರ ಜಾಹೀರಾತಿಗೆ ನುಡಿಸಿಲ್ಲ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಬೆಳಗ್ಗೆ ಮಕ್ಕಳ ನೃತ್ಯಶಾಲೆ, ಮಧ್ಯಾಹ್ನ ಯಾರದೋ ಪ್ರೇಮಗೀತೆಯ ರೆಕಾರ್ಡಿಂಗು, ಸಂಜೆ ಮನೆಯಲ್ಲಿ ಪಾಠ. ಯಾವ ಪಾತ್ರೆಗೆ ಸುರಿದರೂ ಅದೇ ಆಕಾರ ತಾಳುವ ನೀರಿನ ಹಾಗಿದ್ದರು. ಆದರೆ ಹೆಸರು ಬಂದದ್ದು ಒಂದೇ ಒಂದು ಫ್ಯೂಷನ್ ಕ್ಯಾಸೆಟ್ಟಿನಿಂದ. ಅದರಲ್ಲೂ ಒಂದು ಟ್ಯೂನಿನಿಂದ. ಆ ಟ್ಯೂನಿನಲ್ಲೂ ಎಂಟು ಸುತ್ತಿನಿಂದ.

ತಂಡದಲ್ಲಿ ನಾಲ್ಕು ಜನ. ಕೀಬೋರ್ಡಿನವರೇ ಟ್ಯೂನು ಬರೆಯುವವರು, ಅವರನ್ನು ಎಲ್ಲರೂ ಲೀಡರ್ ಅನ್ನುತ್ತಿದ್ದರು. ಸ್ಯಾಕ್ಸೋಫೋನಿನವನಿಗೆ ‘ಊದಪ್ಪ’ ಎಂದೇ ಹೆಸರು. ಬೇಸಿಗೆ ಇವರು. ಡ್ರಮ್ಸಿಗೆ ನನ್ನ ಅಣ್ಣ.

ಅಣ್ಣನೂ ಇವರೂ ಮೊದಲಿಂದ ಗೆಳೆಯರು. ಬಾರೋ ಹೋಗೋ ಎಂದೇ ಮಾತು. ನನ್ನನ್ನು ಮದುವೆಯಾದ ಮೇಲೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯಲು ಹೋಗಿ ಇಬ್ಬರಿಗೂ ನಗು ಬಂದು, ಲೋ ಎನ್ನುವುದೇ ಉಳಿಯಿತು. ಮೊದಲ ವರ್ಷ ನಾವಿಬ್ಬರು ಅಣ್ಣನ ಮನೆಯ ಮಹಡಿಯಲ್ಲೇ ಇದ್ದೆವು.

ಬೆಳಗ್ಗೆ ಮಿಂದು ದೇವರ ಮುಂದೆ ಕೂತು ಹತ್ತು ಪದ್ಯ ಓದದೆ ನನಗೆ ಗಂಟಲಲ್ಲಿ ನೀರಿಳಿಯುವುದಿಲ್ಲ. ಅಮ್ಮ ಓದುತ್ತಿದ್ದಳು, ಅವಳ ಬಾಯಿಂದ ನನ್ನ ಬಾಯಿಗೆ ಬಂತು. ಅರ್ಥ ತಿಳಿಯುವ ಮೊದಲು ನಡೆ ತಿಳಿಯಿತು. ಮೂರು, ನಾಲ್ಕು, ಮೂರು, ನಾಲ್ಕು. ‘ನೆನೆದು ಬಂದೆನು ನಿನ್ನ ಬಾಗಿಲ’. ನೆನೆದು ಎನ್ನುವಾಗ ಮೂರು ಹೆಜ್ಜೆ, ಬಂದೆನು ಎನ್ನುವಾಗ ನಾಲ್ಕು, ಮತ್ತೆ ಮೂರು, ಮತ್ತೆ ನಾಲ್ಕು. ಇವರು ಹಾಸಿಗೆಯಲ್ಲಿ ಅರೆಗಣ್ಣು ಬಿಟ್ಟು ಕೇಳುತ್ತಿದ್ದರು. ಇಡೀ ಒಂದು ವರ್ಷ ಅದನ್ನೇ ಕೇಳುತ್ತಾ ಎದ್ದರು.

ಲೀಡರ್ ಬರೆದ ಆ ಟ್ಯೂನು ಏಳರ ಎಣಿಕೆಯದು, ಏಳು ಎಣಿಸಿದರೆ ಒಂದು ಸುತ್ತು. ಅವರು ನಾಲ್ಕು-ಮೂರು ಎಂದು ಬರೆದಿದ್ದರು. ಹೇಗೆ ಎಣಿಸಿದರೂ ಏಳು ಏಳೇ, ಆದರೆ ಎಲ್ಲಿ ಮುರಿಯುತ್ತೀರಿ ಎಂಬುದು ಮುಖ್ಯ. ನಾಲ್ಕಕ್ಕೆ ಮುರಿದರೆ ಐದನೆಯದರ ಮೇಲೆ ಪೆಟ್ಟು ಬೀಳುತ್ತದೆ. ಮೂರಕ್ಕೆ ಮುರಿದರೆ ನಾಲ್ಕನೆಯದರ ಮೇಲೆ. ಟ್ಯೂನಿನ ಮಧ್ಯದಲ್ಲಿ ಎಲ್ಲರೂ ನಿಂತು ಬೇಸ್ ಮಾತ್ರ ನಾಲ್ಕು ಸುತ್ತು ಹೋಗಬೇಕು. ಆಮೇಲೆ ಡ್ರಮ್ಸ್ ಬಂದು ಸೇರಬೇಕು. ರೆಕಾರ್ಡಿಂಗ್ ದಿನ ಅಣ್ಣ ಬಂದು ಸೇರಿದ, ಆದರೆ ಎರಡೂ ಸೇರಲಿಲ್ಲ. ಎಂಟು ಸುತ್ತು ಡ್ರಮ್ಸಿನ ಪೆಟ್ಟು ಬೇಸಿನ ಪೆಟ್ಟಿಗಿಂತ ಒಂದು ಎಣಿಕೆ ತಡವಾಗಿ ಬೀಳುತ್ತಾ ಹೋಯಿತು. ಆಮೇಲೆ ಲೀಡರ್ ಕೀಬೋರ್ಡಿನಿಂದ ಇಬ್ಬರನ್ನೂ ಕಿವಿ ಹಿಡಿದು ದಾರಿಗೆ ತಂದರು.

ಆವತ್ತು ಮಧ್ಯಾಹ್ನ ಇಬ್ಬರೂ ಊಟಕ್ಕೆ ಬಂದಾಗ ಅಣ್ಣ ನಗುತ್ತಲೇ ಹೇಳಿದ, “ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಕಣೇ ಇವತ್ತು. ಲೋ, ಎಲ್ಲೋ ಮೂರಕ್ಕೆ ಮುರಿದೆಯಲ್ಲೋ ನೀನು?”

“ನಾನಾ? ಬರೆದ ಹಾಗೇ ನುಡಿಸಿದೆ.”

“ಹಾಗಾದ್ರೆ ನನಗೇ ಓದೋಕೆ ಬರಲ್ಲ ಅನ್ನು.”

“ಅದು ಮೊದಲಿಂದ ಗೊತ್ತಿರೋದೇ ಅಲ್ವಾ.”

“ಮತ್ತೊಂದು ಸಲ ನುಡಿಸಬಹುದಿತ್ತಲ್ಲ?” ಎಂದೆ.

“ಸ್ಟುಡಿಯೋ ಹೊತ್ತು ಮುಗೀತು. ಊದಪ್ಪನಿಗೆ ರೈಲು ಹಿಡಿಯೋ ಆತುರ. ಲೀಡರ್ ಕೇಳಿ, ‘ಇರಲಿ ಬಿಡ್ರಪ್ಪ, ಏನೋ ಒಂಥರಾ ಚೆನ್ನಾಗಿದೆ’ ಅಂದ್ರು,” ಅಂದ ಅಣ್ಣ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬರೆದ ಹಾಗೇ ನುಡಿಸಿದೆ ಎಂದು ಇವರು ನಿಜಕ್ಕೂ ನಂಬಿದ್ದರು.

ನಂಬಿಕೆ ಕಳಚಿದ್ದು ಕ್ಯಾಸೆಟ್ ಮನೆಗೆ ಬಂದ ದಿನ. ಬೆಳಗ್ಗೆ ನಾನು ಓದುತ್ತಿದ್ದೆ. ಇವರು ಪಕ್ಕದ ಕೋಣೆಯಲ್ಲಿ ಕ್ಯಾಸೆಟ್ ಹಾಕಿದರು. ಟ್ಯೂನಿನ ಮಧ್ಯಕ್ಕೆ ಬಂದಾಗ ಎಲ್ಲ ವಾದ್ಯಗಳು ನಿಂತು ಬೇಸ್ ಒಂದೇ ಉಳಿಯಿತು. ನನ್ನ ಬಾಯಲ್ಲಿ ಪದ್ಯ, ಆ ಕೋಣೆಯಲ್ಲಿ ಬೇಸ್. ಒಂದರ ಹೆಜ್ಜೆಯ ಮೇಲೆ ಇನ್ನೊಂದರ ಹೆಜ್ಜೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಓದು ನಿಲ್ಲಿಸಿದೆ. ಇವರು ಕ್ಯಾಸೆಟ್ ನಿಲ್ಲಿಸಿದರು. ಬಾಗಿಲಿಗೆ ಬಂದು ನನ್ನನ್ನು ನೋಡಿದರು. ನಾನೂ ನೋಡಿದೆ.

“ಚಹಾ ಆಗಿದ್ಯಾ?” ಎಂದು ಕೇಳಿದರು.

“ಮಾಡ್ತೀನಿ” ಎಂದೆ.

ಆ ವಿಷಯ ನಮ್ಮಿಬ್ಬರ ನಡುವೆ ಅಷ್ಟಕ್ಕೆ ಮುಗಿಯಿತು.

ಎರಡು ತಿಂಗಳ ಮೇಲೆ ಸಂಗೀತದ ಮಾಸಪತ್ರಿಕೆಯೊಂದು ಬರೆಯಿತು: ಡ್ರಮ್ಸ್ ಲಯ ಕಳೆದುಕೊಂಡ ಎಂಟು ಸುತ್ತಿನಲ್ಲಿ ಬೇಸ್ ವಾದಕರು ಬಂಡೆಯಂತೆ ನಿಂತು ತಂಡವನ್ನು ಉಳಿಸಿದ್ದಾರೆ. ಬರೆದವರದೂ ತಪ್ಪಲ್ಲ. ಬೇಸ್ ಮೊದಲು ಒಂದೇ ಕೇಳಿಸುತ್ತದೆ, ಡ್ರಮ್ಸ್ ಆಮೇಲೆ ಬರುತ್ತದೆ. ಮೊದಲು ಮಾತಾಡಿದವನದೇ ನಿಜ ಎಂದು ಕಿವಿ ನಂಬಿಬಿಡುತ್ತದೆ.

“ಪತ್ರಿಕೆಗೆ ಬರೀತೀನಿ” ಎಂದರು ಇವರು. ಬರೆದರು ಕೂಡ. ಲಕೋಟೆಗೆ ಹಾಕಿ ವಿಳಾಸ ಬರೆದರು. ಅಂಚೆಚೀಟಿ ಇಲ್ಲ ಎಂದರು. ಮರುದಿನ ನಾನು ಅಂಚೆಚೀಟಿ ತಂದಿಟ್ಟೆ. ಅಷ್ಟರಲ್ಲಿ ಲಕೋಟೆ ಮೇಜಿನ ಮೇಲಿರಲಿಲ್ಲ. ಎಲ್ಲಿ ಎಂದು ನಾನು ಕೇಳಲಿಲ್ಲ.

ಅಲ್ಲಿಂದ ಇವರಿಗೆ ಬಿಡುವಿಲ್ಲದ ಕೆಲಸ. ‘ಆ ಎಂಟು ಸುತ್ತಿನವರು’ ಎಂದು ಹುಡುಕಿಕೊಂಡು ಬಂದರು. ಅಣ್ಣನನ್ನು ಕರೆಯುವವರು ಕಡಿಮೆಯಾದರು. ಒಬ್ಬ ಗಾಯಕಿಯ ಕಡೆಯವರು ಫೋನಿನಲ್ಲೇ, “ಲಯ ಗಟ್ಟಿ ಇರೋರು ಬೇಕಾಗಿತ್ತು” ಎಂದರಂತೆ. ಮೂರು ವರ್ಷ ಹಾಗೂ ಹೀಗೂ ನಡೆಯಿತು. ಆಮೇಲೆ ಅಣ್ಣ ಡ್ರಮ್ಸ್ ಕೊಟ್ಟುಬಿಟ್ಟ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಕೆಲಸಕ್ಕೆ ಸೇರಿದ.

“ತಾಳ ತಪ್ಪಿದವನ ಕೈಗೆ ಗಡಿಯಾರ ಕೊಟ್ಟಿದ್ದಾರೆ, ಇನ್ನು ಬಸ್ಸುಗಳ ಗತಿ ಏನೋ” ಎಂದು ತಾನೇ ನಕ್ಕ. ನಾವೂ ನಕ್ಕೆವು. ನಕ್ಕು ಮುಗಿಸಿ ಕುರ್ಚಿ ಎಳೆದು ಇವರಿಗೆ ಹೇಳಿದ, “ಕೂತ್ಕೊಳ್ಳಿ ಭಾವ. ಏನು ತಗೊಳ್ತೀರಿ?”

ಲೋ ಹೋಗಿ ಭಾವ ಬಂತು. ನೀನು ಹೋಗಿ ನೀವು ಬಂತು. ಬೈದಿದ್ದರೆ ಇವರು ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಡುವವನ ಹತ್ತಿರ ಜಗಳವಾಡುವುದು ಹೇಗೆ? ಅಂದಿನಿಂದ ಅಣ್ಣ ನಮ್ಮ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ನನ್ನ ಆರೋಗ್ಯ ಕೇಳುತ್ತಾನೆ. ಪಾಠದ ಕೋಣೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ.

ಪಾಠದ ಕೋಣೆಯಲ್ಲಿ ಇವರದೊಂದು ಕಟ್ಟಳೆ ಇದೆ. ತಂತಿ ಮುಟ್ಟುವ ಮೊದಲು ಎಣಿಕೆಯನ್ನು ಬಾಯಲ್ಲಿ ಹೇಳಬೇಕು. ನಾಲ್ಕೈದು ಜನ ಕೂಡಿ ನುಡಿಸುವಾಗ ತಪ್ಪಿದವರು ತಕ್ಷಣ ಕೈ ಎತ್ತಿ, “ನನ್ನದು” ಅನ್ನಬೇಕು. ಕ್ಷಮೆ ಕೇಳಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ನನ್ನದು ಎಂದರೆ ಮುಗಿಯಿತು, ಮುಂದಿನ ಸುತ್ತು. ಕೈ ಎತ್ತದೆ ಕೂತರೆ ಇವರು ಎಲ್ಲರನ್ನೂ ನಿಲ್ಲಿಸಿ ಗೋಡೆ ನೋಡುತ್ತಾ ಕಾಯುತ್ತಾರೆ. ಕಲಿಯಲು ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಯಾವುದಕ್ಕೂ ಇರಲಿ ಎಂದು ಆರಂಭದಲ್ಲೇ ಕೈ ಎತ್ತಿಟ್ಟುಕೊಳ್ಳುತ್ತಾರೆ. ಇಂಥ ಕಟ್ಟಳೆ ಎಲ್ಲಿಂದ ಹುಟ್ಟಿತು ಎಂದು ನಾನು ಇವರನ್ನು ಕೇಳಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಸ್ಟ್ಯಾಂಡಿನ ಮೇಲಿದ್ದ ಪಠ್ಯಪುಸ್ತಕವನ್ನು ಬಿಟ್ಟುಹೋದವಳು ಅಣ್ಣನ ಮಗಳು. ಇಪ್ಪತ್ತು ವರ್ಷದವಳು. ಡ್ರಮ್ಸ್ ಕಲಿಯುತ್ತೇನೆ ಎಂದಾಗ ಅಪ್ಪ ಸುಮ್ಮನಿದ್ದ, ಬೇಸ್ ಕಲಿಯುತ್ತೇನೆ ಎಂದಾಗಲೂ ಸುಮ್ಮನಿದ್ದ. ಎರಡನೆಯ ಮೌನ ಸ್ವಲ್ಪ ಮೆತ್ತಗಿತ್ತು ಎಂದು ಇವಳು ಇವರ ಹತ್ತಿರ ಬಂದಳು. ಆರು ವರ್ಷ ಕಲಿತು ಈಗ ಕಾಲೇಜು ಸೇರಿದ್ದಾಳೆ.

ಮರುದಿನ ಸಂಜೆ ಬಂದವಳು ಬೇಸನ್ನು ಚೀಲದಿಂದ ತೆಗೆಯಲೇ ಇಲ್ಲ.

“ಓದಿದ್ರಾ ಮಾವ?”

“ಹೂಂ. ಅಚ್ಚು ಚೆನ್ನಾಗಿದೆ.”

“ಅಚ್ಚಿನ ಮಾತು ಯಾರು ಕೇಳಿದ್ರು? ಕ್ಲಾಸಲ್ಲಿ ಮೇಷ್ಟ್ರು ಆ ಟ್ಯೂನು ಹಾಕಿ, ‘ನೋಡಿ, ಇಲ್ಲಿ ಡ್ರಮ್ಮರ್ ದಾರಿ ತಪ್ಪಿ ಎಲ್ಲೋ ಹೋದ, ಬೇಸ್ ಮನೇಲಿ ದೀಪ ಇಟ್ಕೊಂಡು ಕಾಯ್ತಾ ಇದೆ’ ಅಂದ್ರು. ಎಲ್ಲ ನಕ್ಕರು. ಅದು ನಮ್ಮಪ್ಪ ಅಂತ ನಾನು ಹೇಳ್ಲಿಲ್ಲ.” ಪುಸ್ತಕ ತೆಗೆದು ಇವರ ಮುಂದೆ ಹಿಡಿದಳು. “ಡ್ರಮ್ಸ್ ತಪ್ಪಿತು ಅಂತ ಮೇಷ್ಟ್ರು ಇಲ್ಲಿ ಟಿಪ್ಪಣಿನೂ ಬರೆದಿದ್ದಾರೆ. ಆದ್ರೆ ಲೀಡರ್ ಬರೆದ ಹಾಳೆ ಪಕ್ಕದಲ್ಲೇ ಅಚ್ಚಾಗಿದೆ. ನಾಲ್ಕು-ಮೂರು ಅಂತಿದೆ. ನೀವು ಹೇಳ್ಕೊಟ್ಟ ಹಾಗೆ ಬಾಯಲ್ಲಿ ಎಣಿಸಿ ನೋಡ್ದೆ. ಅಪ್ಪ ನಾಲ್ಕು-ಮೂರೇ ಹೊಡೆದಿದ್ದಾರೆ. ಪ್ರತಿ ಸುತ್ತೂ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಇವರು ಬೇಸಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

“ನೀವು ಕೈ ಎತ್ತಿದ್ರಾ ಮಾವ, ಆವತ್ತು?”

ಪಾಠಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಬ್ಯಾಂಕ್ ಮ್ಯಾನೇಜರ್ ತಮ್ಮ ಕೈ ಎಲ್ಲಿದೆ ಎಂದು ನೋಡಿಕೊಂಡರು. ಇವರು ಬಹಳ ಹೊತ್ತು ಗೋಡೆ ನೋಡಿದರು. ಆಮೇಲೆ ಬಲಗೈ ಎತ್ತಿದರು, ಭುಜದ ಎತ್ತರಕ್ಕೆ, ಅಷ್ಟೇ.

“ನನ್ನದು” ಎಂದರು.

ಹುಡುಗಿ ಅಳಲಿಲ್ಲ. “ನನಗೆ ಹೇಳಿದ್ರೆ ಏನಾಗುತ್ತೆ? ನಾನಾಗಲೇ ಎಣಿಸಿದ್ದೀನಿ. ಅಲ್ಲಿ ಬಂದು ಹೇಳಿ” ಎಂದಳು.

ಹೋದೆವು. ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ಕಾಲೇಜಿನ ಎರಡನೇ ಮಹಡಿಯ ತರಗತಿಗೆ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಇವರು ಕ್ಯಾಸೆಟ್ಟಿನ ಆ ಭಾಗ ಹಾಕಿಸಿದರು, ಎಲ್ಲರ ಕೈಯಲ್ಲೂ ಡೆಸ್ಕಿನ ಮೇಲೆ ನಾಲ್ಕು-ಮೂರು ತಟ್ಟಿಸಿದರು. ಮೂವತ್ತು ಕೈ ಡ್ರಮ್ಸಿನ ಜೊತೆ ಬಿದ್ದವು. ಬೇಸ್ ಒಂದೇ ಹೊರಗೆ ಉಳಿಯಿತು.

“ಕೇಳಿದ್ರಲ್ಲ. ದಾರಿ ತಪ್ಪಿದ್ದು ನಾನು. ಅವನು ಎಂಟು ಸುತ್ತೂ ಸರಿಯಾದ ಜಾಗದಲ್ಲಿ ನಿಂತಿದ್ದ. ನಾನು ಅದನ್ನ ಇಷ್ಟು ವರ್ಷ ಹೇಳ್ಲಿಲ್ಲ.”

ಉಪನ್ಯಾಸಕರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ತಡಬಡಾಯಿಸಿದರು. “ಸರ್, ಅದನ್ನ ತಪ್ಪು ಅಂತ ಹೇಗೆ ಹೇಳೋದು? ಒಂದು ಲಯದ ಎದುರು ಇನ್ನೊಂದು ಲಯ. ಅದೊಂದು ಚಿಂತನೆ ಅಲ್ವಾ ಸರ್?”

“ಚಿಂತನೆನೂ ಇಲ್ಲ ಗಿಂತನೆನೂ ಇಲ್ಲಪ್ಪ. ಹೆಂಡತಿ ಬೆಳಗ್ಗೆ ಪದ್ಯ ಓದ್ತಿದ್ದಳು, ಅದು ಬೆರಳಿಗೆ ಅಂಟಿಕೊಂಡಿತ್ತು.”

ತರಗತಿ ತಿರುಗಿ ನನ್ನನ್ನು ನೋಡಿತು. ನನ್ನ ಓದನ್ನು ಜನ ಹೀಗೆ ನೋಡಿದ್ದು ಅದೇ ಮೊದಲು. ತಲೆ ತಗ್ಗಿಸಿದೆ.

ಪುಸ್ತಕ ಮರುಮುದ್ರಣಕ್ಕೆ ಹೋಗುವುದಿದೆ, ಆ ಟಿಪ್ಪಣಿ ಬದಲಾಯಿಸುತ್ತೇನೆ ಎಂದು ಉಪನ್ಯಾಸಕರು ಒಪ್ಪಿದರು. ಬಾಗಿಲವರೆಗೆ ಬಂದು ಇನ್ನೊಂದು ಮಾತೂ ಹೇಳಿದರು. ಬರುವ ತಿಂಗಳು ಕಾಲೇಜಿನ ವಾರ್ಷಿಕ ದಿನ, ಬೆಳಗಿನ ಕಾರ್ಯಕ್ರಮ. ಇವರೂ ಅಣ್ಣನೂ ಕೂಡಿ ಆ ಟ್ಯೂನನ್ನು ಬರೆದ ಹಾಗೆ ನುಡಿಸಿದರೆ ಸಾಕು, ಓದದವರಿಗೂ ತಿಳಿಯುತ್ತದೆ. ಇವರ ಮುಖ ನೋಡಿದೆ. ಬೇಕು ಎನ್ನುವುದು ಹಣೆಯ ಮೇಲೆ ಬರೆದಿತ್ತು. ನನಗೂ ಬೇಕಾಗಿತ್ತು. ಆ ಇಬ್ಬರು ಒಂದೇ ಕೋಣೆಯಲ್ಲಿ ಕೂತು ಲೋ ಎನ್ನುವುದನ್ನು ಇನ್ನೊಮ್ಮೆ ಕೇಳಬೇಕಾಗಿತ್ತು.

ಅಣ್ಣನನ್ನು ಕೇಳಲು ಡಿಪೋಗೆ ಹೋದಾಗ ಮಧ್ಯಾಹ್ನ ಮೂರು. ಟೈಮ್ ಕೀಪರ್ ಕೋಣೆ ಎಂದರೆ ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಗೋಡೆಯಲ್ಲಿ ಗಡಿಯಾರ, ಮೇಜಿನ ಮೇಲೆ ಮೈಕು, ಬಸ್ಸುಗಳ ಹೊತ್ತು ಬರೆಯುವ ಉದ್ದನೆಯ ಹಾಳೆ. ಕೂರಲು ಒಂದೇ ಸ್ಟೂಲು. ಅಣ್ಣ ಅದನ್ನು ಇವರತ್ತ ತಳ್ಳಿದ. “ಕೂತ್ಕೊಳ್ಳಿ ಭಾವ.” ನನಗೆ ತನ್ನ ಕುರ್ಚಿ ಕೊಟ್ಟು ತಾನು ನಿಂತ.

ಇವರು ನೇರವಾಗಿ ಹೇಳಿದರು. ತಪ್ಪಿದ್ದು ತಾನು ಎಂದು, ಕಾಲೇಜಿನಲ್ಲಿ ಹೇಳಿಬಂದೆ ಎಂದು. ಅಣ್ಣ ಕೇಳಿಸಿಕೊಂಡ. ನಡುವೆ ಮೈಕು ಹಿಡಿದು, “ಹದಿನಾಲ್ಕನೇ ನಂಬರ್, ಹೊತ್ತಾಯ್ತು, ಹೊರಡಿ” ಎಂದ. ಬಸ್ಸು ಹೊರಟಿತು. ಹಾಳೆಯಲ್ಲಿ ಬರೆದುಕೊಂಡ.

“ಗೊತ್ತು” ಎಂದ.

“ಮಗಳು ಹೇಳಿದಳಾ?”

“ಮಗಳು ಮೊನ್ನೆ ಹೇಳಿದಳು. ನನಗೆ ಕ್ಯಾಸೆಟ್ ಬಂದ ವಾರವೇ ಗೊತ್ತು. ಆ ಪದ್ಯಾನ ನೀವು ಆಗಿನ್ನೂ ಒಂದು ವರ್ಷ ಕೇಳಿದ್ರಿ ಭಾವ, ನಾನು ಹುಟ್ಟಿದಾಗಿಂದ ಕೇಳಿದ್ದೀನಿ. ನಮ್ಮಮ್ಮನ ಪದ್ಯ ನನಗೆ ಗುರುತು ಸಿಗಲ್ವಾ?” ಆಮೇಲೆ ನನ್ನ ಕಡೆ ನೋಡಿದ. “ನಿನಗೂ ಸಿಕ್ಕಿರುತ್ತೆ.”

ಗಾಜಿನಾಚೆ ಡ್ರೈವರ್ ಒಬ್ಬ ಬಸ್ಸಿನ ಕನ್ನಡಿ ಒರೆಸುತ್ತಿದ್ದ. ಅವನನ್ನೇ ನೋಡುತ್ತಾ, “ಸಿಕ್ಕಿತ್ತು” ಎಂದೆ.

“ಅದೇ.”

“ಹಾಗಿದ್ರೆ ಯಾಕೆ ಹೇಳ್ಲಿಲ್ಲ ನೀನು?” ಎಂದರು ಇವರು. “ನನ್ನ ಕತ್ತಿನ ಪಟ್ಟಿ ಹಿಡಿದು ಕೇಳಬಹುದಿತ್ತಲ್ಲ.”

“ನಾನು ಹೇಳಿದ್ರೆ ತಪ್ಪಿದವನು ಸಬೂಬು ಹೇಳ್ತಾನೆ ಅಂತಿದ್ರು. ನೀವು ಹೇಳಿದ್ರೆ ಮಾತ್ರ ಬೆಲೆ ಇತ್ತು. ಹೇಳ್ತೀರಿ ಅಂತ ಕಾದೆ. ಇವಳಾದ್ರೂ ಹೇಳಿಸ್ತಾಳೆ ಅಂತ ಕಾದೆ. ಮೂರು ವರ್ಷ ಕಾದೆ. ಆಮೇಲೆ ಈ ಕೆಲಸ ಸಿಕ್ತು.” ಕೋಪವೇ ಇರಲಿಲ್ಲ ಅವನ ಮಾತಿನಲ್ಲಿ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಓದಿದ ಹಾಗಿತ್ತು. “ಪುಸ್ತಕ ಬದಲಾಯಿಸ್ತಾರೆ ಅಂದ್ರೆ ಒಳ್ಳೇದೇ. ಮಗಳು ಕ್ಲಾಸಲ್ಲಿ ತಲೆ ಎತ್ತಿ ಕೂರ್ತಾಳೆ. ಅದಕ್ಕೆ ನಿಮ್ಮ ಉಪಕಾರ ಆಯ್ತು.”

“ಉಪಕಾರದ ಮಾತು ಬೇಡ” ಎಂದು ಇವರು ವಾರ್ಷಿಕ ದಿನದ ವಿಷಯ ತೆಗೆದರು. ಡ್ರಮ್ಸ್ ಕಾಲೇಜಿನದೇ ಇದೆ ಎಂದರು. ಅಭ್ಯಾಸಕ್ಕೆ ಮೂರು ವಾರವಿದೆ, ಹಾಲು ಚೆನ್ನಾಗಿದೆ ಎಂದರು. ಕೇಳದಿದ್ದುದನ್ನೆಲ್ಲ ಹೇಳಿದರು. ಶಿಷ್ಯರ ಮುಂದೆ ಎಂದೂ ಇಷ್ಟು ಮಾತಾಡಿದವರಲ್ಲ.

“ನಾನು ಕೈಯಲ್ಲಿ ಕೋಲು ಹಿಡಿದು ಇಪ್ಪತ್ತಾರು ವರ್ಷ ಆಯ್ತು ಭಾವ. ಈಗ ಹಿಡಿದ್ರೆ ನಾಯಿ ಓಡಿಸೋಕೆ ಬಂದ ಅಂದ್ಕೋತಾರೆ.”

“ಬಂದೇ ಬರುತ್ತೆ. ಎಲ್ಲಿಗೆ ಹೋಗುತ್ತೆ ಅದು?”

“ಬರಲ್ಲ ಅಂತ ನಾನೆಲ್ಲಿ ಹೇಳ್ದೆ?” ಅಣ್ಣ ಮತ್ತೆ ಮೈಕು ಎತ್ತಿ ಇನ್ನೊಂದು ಬಸ್ಸನ್ನು ಕಳಿಸಿದ. ಮೈಕನ್ನು ಅದರ ಜಾಗದಲ್ಲಿಟ್ಟ. ಇವರು ಸ್ಟೂಲಿನ ಮೇಲೆ ಮುಂದೆ ಬಾಗಿ ಕೂತೇ ಇದ್ದರು, ಅರ್ಜಿ ಕೊಟ್ಟು ಕಾಯುವವರ ಹಾಗೆ.

ನಾನು ಎದ್ದು ಅಣ್ಣನ ಪಕ್ಕ ನಿಂತೆ. ಚಿಕ್ಕಂದಿನಿಂದ ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಅವನು ಇಲ್ಲ ಎಂದದ್ದಿಲ್ಲ. ಆ ಧೈರ್ಯದ ಮೇಲೆಯೇ ಕೇಳಿದೆ.

“ಅಣ್ಣಾ, ಇವರಿಗೋಸ್ಕರ ಬೇಡ. ನನಗೋಸ್ಕರ ಬಾ. ಒಂದು ಬೆಳಗ್ಗೆ, ಒಂದೇ ಟ್ಯೂನು.”

ಅವನು ನನ್ನ ಮುಖವನ್ನೇ ನೋಡಿದ, ಬೇರೆಲ್ಲೂ ನೋಡಲಿಲ್ಲ.

“ಇಲ್ಲ ಪುಟ್ಟಿ,” ಎಂದ. “ನಿನಗೋಸ್ಕರಾನೂ ಬರಲ್ಲ.”